ಅರ್ಜಿ ಬರೆಯುವವಳ ಸೋಮವಾರ

“ಗುರುಗಳೇ, ಬರೆದದ್ದನ್ನು ನಾಲ್ಕು ಜನರ ಮುಂದಿಡಲು ಅಂಜಿಕೆಯಾಗುತ್ತದೆ. ಈ ಅಂಜಿಕೆ ಹೋಗುವುದು ಯಾವಾಗ?” ಎಂದು ಶಂಭುಲಿಂಗ ಕೇಳಿದನು.

ಅವನು ಮಠಕ್ಕೆ ಬಂದು ಆರು ವರ್ಷವಾಗಿತ್ತು. ಅಷ್ಟರಲ್ಲಿ ಏಳು ನೋಟುಪುಸ್ತಕ ತುಂಬ ಪದ್ಯ ಬರೆದಿದ್ದ. ಒಂದನ್ನೂ ಯಾರಿಗೂ ತೋರಿಸಿರಲಿಲ್ಲ. ಇನ್ನಷ್ಟು ತಿದ್ದಬೇಕು, ಇನ್ನಷ್ಟು ಧೈರ್ಯ ಬರಬೇಕು ಎನ್ನುತ್ತಿದ್ದ. ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ತಾಲ್ಲೂಕು ಕಚೇರಿಯ ಎದುರು ಒಬ್ಬ ಹೆಂಗಸು ಅರ್ಜಿ ಬರೆದುಕೊಡುತ್ತಿದ್ದಳು. ಮೊದಲು ಅದು ಅವಳ ತಂದೆಯ ಕೆಲಸ. ತಂದೆ ಹೋದ ಮೇಲೆ ಅದೇ ಹೊಂಗೆಮರದ ಕೆಳಗೆ, ಅದೇ ಮೇಜಿನ ಮುಂದೆ ಅವಳು ಕೂತಳು. ತಂದೆಯದು ಟೈಪ್‌ರೈಟರು, ಇವಳದು ಲ್ಯಾಪ್‌ಟಾಪು. ಅಷ್ಟೇ ವ್ಯತ್ಯಾಸ. ಖಾತೆ ಬದಲಾವಣೆ, ವಿಧವಾ ವೇತನ, ಪಡಿತರ ಚೀಟಿ, ದಾರಿಯ ತಂಟೆ, ಏನಿದ್ದರೂ ಜನ ಅವಳ ಬಳಿಗೇ ಬರುತ್ತಿದ್ದರು. ಒಬ್ಬರು ಅರ್ಧ ಗಂಟೆ ಅತ್ತು ಹೇಳಿಕೊಂಡದ್ದನ್ನು ಅವಳು ಆರು ಸಾಲಿನಲ್ಲಿ ಹಿಡಿದು ಕೊಡುತ್ತಿದ್ದಳು. ಅವಳ ಕೈಗುಣ ಒಳ್ಳೆಯದು ಎಂದು ಊರವರು ಹೇಳುತ್ತಿದ್ದರು.

ಹೀಗೆ ಇಪ್ಪತ್ತೆರಡು ವರ್ಷ ಕಳೆಯಿತು. ಅವಳು ಬರೆದ ಪ್ರತಿ ಹಾಳೆಯಲ್ಲೂ ‘ನಾನು’ ಎಂಬ ಮಾತು ಇರುತ್ತಿತ್ತು. ಒಂದು ದಿನವೂ ಆ ‘ನಾನು’ ಅವಳಾಗಿರಲಿಲ್ಲ.

ಜನ ಹೇಳಿದ್ದೆಲ್ಲ ಅರ್ಜಿಗೆ ಹಿಡಿಸುವುದಿಲ್ಲ. ಒಮ್ಮೆ ಒಬ್ಬ ಮುದುಕಿ ಪಡಿತರ ಚೀಟಿಯಲ್ಲಿ ಹೆಸರು ತಿದ್ದಿಸಲು ಬಂದಳು. ಮದುವೆಯಾದ ದಿನ ಗಂಡನ ಮನೆಯವರು ಅವಳಿಗೆ ಬೇರೆ ಹೆಸರಿಟ್ಟಿದ್ದರು. ತವರಿನ ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿರಲಿಲ್ಲ. ಸಾಯುವ ಮೊದಲು ಸರ್ಕಾರದ ಕಾಗದದಲ್ಲಾದರೂ ಆ ಹೆಸರು ಇರಲಿ ಎಂದು ಅವಳ ಆಸೆ. ಅರ್ಜಿಯಲ್ಲಿ ಬಂದದ್ದು ‘ಹೆಸರು ತಿದ್ದುಪಡಿ ಕೋರಿ’ ಎಂಬ ಮೂರು ಮಾತು. ಉಳಿದದ್ದು ಬರೆದವಳ ಎದೆಯಲ್ಲಿ ಉಳಿಯಿತು.

ಹೀಗೆ ಉಳಿದುಕೊಂಡದ್ದು ಬಹಳವಿತ್ತು. ಕಚೇರಿ ಬಾಗಿಲು ಹಾಕಿದ ಮೇಲೆ ಹಾಳಾದ ಹಾಳೆಗಳ ಹಿಂಬದಿಯಲ್ಲಿ ಅವಳು ಅದನ್ನೆಲ್ಲ ಕತೆಯಾಗಿ ಬರೆಯುತ್ತಿದ್ದಳು. ಬರೆದು, ಓದಿ, ಹರಿದುಹಾಕುತ್ತಿದ್ದಳು. ಒಂದೇ ಒಂದು ಸಲ, ಗುರುತಿನ ಕಾಲೇಜು ಮೇಷ್ಟರೊಬ್ಬರಿಗೆ ಎರಡು ಪುಟ ತೋರಿಸಿದ್ದಳು. ಅವರು ಕನ್ನಡಕ ಸರಿಮಾಡಿಕೊಂಡು ಓದಿ, ಒಕ್ಕಣೆ ಅರ್ಜಿಯದೇ ಆಯಿತಲ್ಲ ಎಂದು ನಕ್ಕು ಹಿಂದಕ್ಕೆ ಕೊಟ್ಟಿದ್ದರು. ಅವರದು ಕೆಟ್ಟ ಮನಸ್ಸಲ್ಲ. ಆದರೂ ಆಮೇಲೆ ಒಂಬತ್ತು ವರ್ಷ ಅವಳು ಯಾರಿಗೂ ಒಂದು ಸಾಲು ತೋರಿಸಲಿಲ್ಲ.

ಅವಳು ಹಾಳೆ ಹರಿಯುವುದನ್ನು ಪಕ್ಕದ ಝೆರಾಕ್ಸ್ ಅಂಗಡಿಯವಳು ದಿನಾ ನೋಡುತ್ತಿದ್ದಳು. ಒಂದು ಸಂಜೆ ಅವಳು ಬಂದು ಹೀಗೆ ಹೇಳಿದಳು:

“ಅಕ್ಕ, ಬ್ಲಾಗ್ ಎಂದು ಒಂದಿದೆ. ನಮ್ಮ ಊರುಗಳ ಜಗಲಿ ಇದ್ದ ಹಾಗೆ. ನೀನು ಬರೆದು ಇಟ್ಟು ಒಳಗೆ ಹೋಗು. ದಾರಿಯಲ್ಲಿ ಹೋಗುವವರು ಬೇಕಿದ್ದರೆ ಕೂತು ಓದುತ್ತಾರೆ, ಬೇಡದಿದ್ದರೆ ಮುಂದಕ್ಕೆ ಹೋಗುತ್ತಾರೆ. ಅಲ್ಲಿ ಇಟ್ಟದ್ದನ್ನು ಹರಿಯುವುದಕ್ಕೆ ಮಾತ್ರ ಬರುವುದಿಲ್ಲ.”

ಅಳಿಸುವುದಕ್ಕೆ ಬರುತ್ತದೆ ಎಂಬುದು ಅಂಗಡಿಯವಳಿಗೆ ಗೊತ್ತಿತ್ತು. ಹೇಳಲಿಲ್ಲ. ತಾನೇ ಕೂತು ಜಗಲಿಯನ್ನು ತೆರೆದುಕೊಟ್ಟಳು. ಸೋಮವಾರಕ್ಕೊಂದು ಕತೆ ಎಂದು ಇಬ್ಬರೂ ಮಾತಾಡಿಕೊಂಡರು.

ಮೊದಲ ಸೋಮವಾರ ಅರ್ಜಿ ಬರೆಯುವವಳು ಕಚೇರಿ ತೆರೆಯುವ ಮೊದಲೇ ಬಂದು, ಹೆಸರು ಕಳೆದುಕೊಂಡ ಮುದುಕಿಯ ಕತೆ ಬರೆದಳು. ಗುರುತು ಸಿಗದಂತೆ ಊರು, ಜಾಗ ಬದಲಿಸಿದಳು. ಬರೆದು ಮುಗಿಸಿ ನೋಡಿದರೆ ಕತೆಯ ನೆತ್ತಿಯ ಮೇಲೆ ‘ಮಾನ್ಯರೇ’ ಎಂದಿತ್ತು, ಕಾಲ ಬುಡದಲ್ಲಿ ‘ತಮ್ಮ ವಿಶ್ವಾಸಿ’ ಎಂದಿತ್ತು. ಕೈ ತನ್ನ ಪಾಡಿಗೆ ತಾನು ಬರೆದಿತ್ತು. ಆ ಎರಡನ್ನೂ ಹಾಗೆಯೇ ಬಿಟ್ಟು ಕಣ್ಣು ಮುಚ್ಚಿ ಗುಂಡಿ ಒತ್ತಿದಳು.

ವಾರದ ಕೊನೆಗೆ ಮೂರು ಸಲ ಓದಲಾಗಿದೆ ಎಂದು ಲೆಕ್ಕ ತೋರಿಸಿತು. ಅದರಲ್ಲಿ ಎರಡು ಸಲ ಓದಿದವಳು ಅವಳೇ. ಇನ್ನೊಂದು ಝೆರಾಕ್ಸ್ ಅಂಗಡಿಯವಳು.

ಅವಳಿಗೆ ಬೇಸರವಾಗಬೇಕಿತ್ತು. ಸಮಾಧಾನವಾಯಿತು. ಯಾರೂ ನೋಡುತ್ತಿಲ್ಲ ಎಂದಾದ ಮೇಲೆ ಎಡವಿದರೂ ನಾಚಿಕೆಯಿಲ್ಲ. ಮುಂದಿನ ಸೋಮವಾರ ಇನ್ನೊಂದು ಬರೆದಳು. ಅದರ ಮುಂದಿನ ಸೋಮವಾರ ಮತ್ತೊಂದು. ನಾಲ್ಕನೆಯದರಲ್ಲಿ ‘ಮಾನ್ಯರೇ’ ತಾನಾಗಿ ಬಿದ್ದುಹೋಯಿತು. ಒಂಬತ್ತನೆಯದರಲ್ಲಿ ಕತೆಯ ಜನ ತಮ್ಮ ತಮ್ಮ ಬಾಯಿಂದ ಮಾತಾಡತೊಡಗಿದರು. ಹದಿನೈದನೆಯದನ್ನು ಓದಿದಾಗ ಇದನ್ನು ಬರೆದವಳು ನಾನೇ ಏನು ಎಂದು ಅವಳಿಗೆ ಅನ್ನಿಸಿತು. ಅಷ್ಟು ಹೊತ್ತಿಗೆ ಜಗಲಿಗೆ ನಲವತ್ತು ಐವತ್ತು ಜನ ಬರುವುದಾಗಿತ್ತು.

ಹದಿನಾರನೆಯ ಕತೆಯ ಕೆಳಗೆ ಗುರುತಿಲ್ಲದವನೊಬ್ಬ ಎರಡು ಸಾಲು ಬರೆದು ಹೋದ. ಬರೆಯಲು ಬಾರದವರೆಲ್ಲ ಯಾಕೆ ಬರೆಯುತ್ತಾರೆ, ಇದು ಅರ್ಜಿ ಬರೆಯುವವರ ಭಾಷೆ, ಎಂದು.

ಅವಳ ಕಿವಿ ಕಾದುಹೋಯಿತು. ಮೇಷ್ಟರು ಕೊಟ್ಟ ಪೆಟ್ಟಿನ ಮೇಲೇ ಮತ್ತೆ ಪೆಟ್ಟು ಬಿತ್ತು. ಎಲ್ಲವನ್ನೂ ಅಳಿಸಿಬಿಡಬೇಕೆಂದು ಕೂತಳು. ಅಷ್ಟರಲ್ಲಿ ಯಾರೋ ಖಾತೆಯ ಅರ್ಜಿ ಬರೆಸಲು ಬಂದರು. ಅವರ ಹಿಂದೆ ಇನ್ನೊಬ್ಬರು ನಿಂತಿದ್ದರು. ಬರೆದುಕೊಟ್ಟಳು. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಹಸಿವಾಗಿತ್ತು, ಉಂಡಳು. ಮರುದಿನವೂ ಜನ ಬಂದರು. ಬೈಸಿಕೊಂಡವಳ ಕೈಗುಣ ಕೆಟ್ಟಿದೆ ಎಂದು ಯಾರೂ ಹೇಳಲಿಲ್ಲ. ಒಂಬತ್ತು ವರ್ಷ ತಾನು ಹೆದರಿದ್ದು ಇದಕ್ಕೇ, ಅದು ಬಂತು, ಬಂದು ಹೋಯಿತು, ಎಂದು ಅವಳಿಗೆ ಮೊದಲ ಸಲ ಹೊಳೆಯಿತು.

ಆ ಎರಡು ಸಾಲಿನ ಕೆಳಗೆ ಅವಳು ಉತ್ತರ ಬರೆದಳು. “ಹೌದು. ನಾನು ಅರ್ಜಿ ಬರೆಯುವವಳೇ.”

ಬರೆದ ಮೇಲೆ ಬಹಳ ಹೊತ್ತು ಆ ಸಾಲನ್ನೇ ನೋಡುತ್ತ ಕೂತಳು. ಇಪ್ಪತ್ತೆರಡು ವರ್ಷದಲ್ಲಿ ಆ ‘ನಾನು’ ಒಂದೇ ಅವಳದಾಗಿತ್ತು.

ಆ ವರ್ಷದ ಕೊನೆಗೆ ಅವಳು ಒಂದು ಸಹಿಗಾಗಿ ಕಚೇರಿಗೆ ಹನ್ನೊಂದು ಸಲ ಬಂದುಹೋದ ಹೆಂಗಸಿನ ಕತೆ ಬರೆದಳು. ಸರ್ಕಾರದ ಬಾಗಿಲಿಗೆ ಹಳೆಯ ಸೀರೆಯಲ್ಲಿ ಹೋಗಬಾರದೆಂದು ಆ ಹೆಂಗಸು ಇದ್ದ ಒಂದೇ ಒಳ್ಳೆಯ ಸೀರೆ ಉಟ್ಟು ಬರುತ್ತಿದ್ದಳು. ಹನ್ನೊಂದನೆಯ ಸಲದ ಹೊತ್ತಿಗೆ ಒಗೆದು ಒಗೆದು ಸೀರೆಯ ಅಂಚು ಎಳೆಬಿಟ್ಟಿತ್ತು. ಕತೆಯಲ್ಲಿ ಊರಿನ ಹೆಸರಿರಲಿಲ್ಲ, ಯಾರ ಹೆಸರೂ ಇರಲಿಲ್ಲ. ಆದರೂ ಅದು ಕೈಯಿಂದ ಕೈಗೆ ಹೋಗಿ ಕಚೇರಿಯ ಒಳಗೆ ತಲುಪಿತು.

ಆ ಹೆಂಗಸನ್ನು ಅಷ್ಟು ಸಲ ಅಲೆಸಿದ್ದ ಗುಮಾಸ್ತನೇ ಮೇಜಿನ ಹತ್ತಿರ ಬಂದ. “ನೋಡಮ್ಮ, ಅದನ್ನು ಅಳಿಸಿಬಿಡು. ಇಲ್ಲವೆಂದರೆ ನಾಳೆಯಿಂದ ಈ ಮರದ ಕೆಳಗೆ ನಿನ್ನ ಮೇಜು ಇರುವುದಿಲ್ಲ” ಎಂದ.

ಅವಳಿಗೆ ಅದು ತಂದೆಯ ಕಾಲದಿಂದ ಇದ್ದ ಜಾಗ. ಅದು ಹೋದರೆ ಅನ್ನ ಹೋಗುತ್ತದೆ. ಅವಳು ಕತೆಯನ್ನು ತೆರೆದು ಬೇರೆ ಯಾರದೋ ಅರ್ಜಿಯೆಂಬಂತೆ ಒಂದೊಂದೇ ಸಾಲು ಓದಿದಳು. ಇದರಲ್ಲಿ ಸುಳ್ಳಿದೆಯೇ ಎಂದು ಹುಡುಕಿದಳು. ಇರಲಿಲ್ಲ. ಸಿಟ್ಟಿಗೆ ಬರೆದದ್ದು ಇದೆಯೇ ಎಂದು ಹುಡುಕಿದಳು. ಒಂದು ಸಾಲು ಇತ್ತು. ಆ ಗುಮಾಸ್ತನ ಒಂದು ಕಾಲು ಚಿಕ್ಕಂದಿನಿಂದ ಕುಂಟು. ಅವನ ನಡಿಗೆಯನ್ನು ಅವಳು ಆಡಿಕೊಂಡಿದ್ದಳು. ಓದಿದವರು ನಕ್ಕಿದ್ದೂ ಆ ಸಾಲಿಗೇ.

ಆ ಸಾಲನ್ನು ತೆಗೆದಳು. ಕದ್ದು ತೆಗೆಯಲಿಲ್ಲ. ಕತೆಯ ಕೆಳಗೆ ಬರೆದಳು: ಇಲ್ಲಿ ಒಬ್ಬರ ಕಾಲನ್ನು ಆಡಿಕೊಂಡ ಒಂದು ಮಾತು ಇತ್ತು, ಅದು ನನ್ನ ತಪ್ಪು, ತೆಗೆದಿದ್ದೇನೆ, ಉಳಿದದ್ದು ನಡೆದದ್ದು. ಅದರ ಕೆಳಗೆ ಅಲ್ಲಿಯವರೆಗೆ ಎಲ್ಲೂ ಹಾಕದಿದ್ದ ತನ್ನ ಹೆಸರು ಹಾಕಿದಳು.

ಮರುದಿನ ಬೆಳಿಗ್ಗೆ ಝೆರಾಕ್ಸ್ ಅಂಗಡಿಯವಳು ಮೇಜಿನ ಒಂದು ಕಡೆ ಹಿಡಿದಳು, ಇವಳು ಇನ್ನೊಂದು ಕಡೆ ಹಿಡಿದಳು. ಇಬ್ಬರೂ ಅದನ್ನು ರಸ್ತೆಯಾಚೆಗೆ ಒಯ್ದು ಇಟ್ಟರು. ಅಲ್ಲಿ ಮರವಿರಲಿಲ್ಲ. ಒಂದೆರಡು ತಿಂಗಳು ಬಿಸಿಲು ಚೆನ್ನಾಗಿ ಬಡಿಯಿತು, ಬರುವವರೂ ಕಡಿಮೆಯಾದರು. ಆಮೇಲೆ ಜನ ರಸ್ತೆ ದಾಟಿ ಬರುವುದನ್ನು ರೂಢಿ ಮಾಡಿಕೊಂಡರು.

ಒಂದು ದಿನ ಆ ಸೀರೆಯ ಹೆಂಗಸೇ ಬಂದಳು. ಅರ್ಜಿ ಬರೆಸಲು ಬಂದಿರಲಿಲ್ಲ. ಮಗಳು ಕತೆಯನ್ನು ಓದಿ ಹೇಳಿದ್ದಳು. ಬೆಂಚಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಎಲ್ಲ ಸರಿಯಾಗಿ ಬರೆದಿದ್ದೀಯೆ, ಆದರೆ ಹನ್ನೊಂದಲ್ಲ, ಹದಿಮೂರು ಸಲ, ಎಂದಳು. ಹಿಂದೆಲ್ಲ ಆಗಿದ್ದರೆ ಇಂಥ ಒಂದು ತಪ್ಪಿಗೆ ಬರೆದವಳು ವಾರಗಟ್ಟಲೆ ಕೊರಗುತ್ತಿದ್ದಳು. ಆ ಹೊತ್ತು ನಕ್ಕು, ಅವಳ ಎದುರಿಗೇ ಹದಿಮೂರು ಎಂದು ತಿದ್ದಿ, ಓದಿ ಹೇಳಿದಳು. ಆ ಹೆಂಗಸು ಪೂರ್ತಿ ಕೇಳಿಕೊಂಡು ಎದ್ದುಹೋದಳು.

ಗುರುಗಳು ಕತೆ ನಿಲ್ಲಿಸಿದರು.

ಶಂಭುಲಿಂಗ ಕೇಳಿದನು. “ಅಂತೂ ಅವಳ ಅಂಜಿಕೆ ಹೋಯಿತಲ್ಲವೇ, ಗುರುಗಳೇ?”

“ಅಂಜಿಕೆ ಇನ್ನೂ ಇದೆಯಂತೆ, ಶಂಭುಲಿಂಗ, ಬರೆಯಲು ಅಪ್ಪಣೆ ಕೋರಿ ಆ ಅಂಜಿಕೆಗೆ ಅರ್ಜಿ ಕೊಡುವುದನ್ನು ಮಾತ್ರ ಅವಳು ಬಿಟ್ಟಿದ್ದಾಳೆ” ಎಂದರು ಗುರುಗಳು.

ಶಂಭುಲಿಂಗ ನೋಟುಪುಸ್ತಕ ತರಲು ಎದ್ದನು.