ಹಾಲಿನವನ ಹೊಸ ಬಲ್ಬು

"ಅಜ್ಜಾ, ಒಬ್ಬನ ಒಳಗೆ ಬೆಳಕು ಬಂದಿದೆ ಎಂದು ಅವನಿಗೆ ಹೇಗೆ ತಿಳಿಯುತ್ತದೆ?"

ಎಲ್ಲರೂ ಅಜ್ಜ ಎಂದು ಕರೆಯುತ್ತಿದ್ದ ಮಠದ ಗುರುಗಳನ್ನು ಹೀಗೆ ಕೇಳಿದವನು ಅವರ ಹಿರಿಯ ಶಿಷ್ಯ ಚರಂತಯ್ಯ. ಈಚೆಗೆ ಸುತ್ತಲಿನ ಊರುಗಳಿಗೆ ಪ್ರವಚನ ಹೇಳಲು ಅವನೇ ಹೋಗುತ್ತಿದ್ದ. ಒಂದು ಊರಿನವರು ಅವನ ಮಾತಿಗೆ ಮರುಳಾಗಿ, ನಮ್ಮಲ್ಲೇ ಮಠ ಕಟ್ಟಿಸಿಕೊಡುತ್ತೇವೆ, ಬಂದು ಗುರುವಾಗಿ ಕೂರಿ ಎಂದು ಕರೆದಿದ್ದರು. ಮರುದಿನ ಅವರಿಗೆ ಉತ್ತರ ಹೇಳಬೇಕಿತ್ತು.

"ಈ ಪ್ರಶ್ನೆ ಈಗೇಕೆ ಬಂತು?" ಎಂದರು ಗುರುಗಳು.

"ನಾನು ಮಾತಾಡುವಾಗ ಜನ ಕೈ ಮುಗಿಯುತ್ತಾರೆ. ಕೆಲವರು ಕಣ್ಣು ಮುಚ್ಚುತ್ತಾರೆ, ಕೆಲವರು ತಲೆ ತಗ್ಗಿಸುತ್ತಾರೆ. ಬೆಳಕೇ ಇಲ್ಲದಿದ್ದರೆ ಅಷ್ಟು ಜನ ಕೈ ಎತ್ತುತ್ತಾರೆಯೇ?"

ಗುರುಗಳು ನಕ್ಕರು. "ಭಲೆ! ಸರಿಯಾಗಿ ಕೇಳಿದೆ. ಕೂತುಕೋ, ಒಬ್ಬ ಹಾಲಿನವನ ಕತೆ ಹೇಳುತ್ತೇನೆ" ಎಂದು ಶುರುಮಾಡಿದರು.

ಒಬ್ಬ ಹಾಲಿನವನಿದ್ದ. ನಸುಕಿನಲ್ಲೇ ಎದ್ದು, ಬೈಕಿನ ಎರಡೂ ಬದಿಗೆ ಕ್ಯಾನು ಕಟ್ಟಿಕೊಂಡು, ಕಾಲುವೆಯ ದಂಡೆಯ ಮೇಲಿನ ರಸ್ತೆಯಲ್ಲಿ ಹೊರಡುತ್ತಿದ್ದ. ಹೊಲದ ಮನೆಗಳಿಂದ ಹಾಲು ಹಾಕಿಸಿಕೊಂಡು ಬಿಸಿಲೇರುವ ಮೊದಲು ಡೈರಿಗೆ ಮುಟ್ಟಿಸಬೇಕು. ತಡವಾದರೆ ಹಾಲು ಒಡೆಯುತ್ತದೆ. ಒಂದು ದಿನ ಅವನ ಹೆಡ್‌ಲೈಟಿನ ಬಲ್ಬು ಸುಟ್ಟಿತು. ಹಳೆಯ ಗಾಡಿ, ಹಳೆಯ ಕಾಲದ ತಂತಿಯ ಬಲ್ಬು. ಅದು ಅಷ್ಟು ದಿನ ಬಾಳಿದ್ದೇ ಹೆಚ್ಚು. ಈ ಸಲ ಎಲ್‌ಇಡಿ ಹಾಕಿಸಿಯೇ ಬಿಡೋಣ ಎಂದು ಪೇಟೆಗೆ ಹೋದ.

ಆ ಪೇಟೆಯಲ್ಲಿ ಬಲ್ಬು ಆರಿಸುವ ಒಂದು ರೀತಿಯಿತ್ತು. ಅಂಗಡಿಯವನು ಬಲ್ಬನ್ನು ಬ್ಯಾಟರಿಗೆ ಹಚ್ಚಿ ಗಿರಾಕಿಯ ಮುಖದ ಮುಂದೆ ಹಿಡಿಯುತ್ತಿದ್ದ. ಗಿರಾಕಿ ಕಣ್ಣು ಬಿಟ್ಟು ನೋಡುತ್ತಿದ್ದ. ಯಾವುದನ್ನು ನೋಡಲಾರದೆ ಮುಖ ತಿರುವುತ್ತಿದ್ದನೋ ಅದನ್ನೇ ಕಟ್ಟಿಸಿಕೊಂಡು ಹೋಗುತ್ತಿದ್ದ. ನಗಬೇಡ ಚರಂತಯ್ಯಾ, ಎಲ್ಲರೂ ಹಾಗೆಯೇ ಆರಿಸುತ್ತಿದ್ದರು. ಹಾಲಿನವನೂ ಹಾಗೆಯೇ ನೋಡಿದ. ಒಂದು ಬಲ್ಬು ಹತ್ತಿದಾಗ ಅವನ ಕಣ್ಣಲ್ಲಿ ನೀರು ಬಂತು. "ಅಬ್ಬಾ! ಇದೇ ಇರಲಿ" ಎಂದ. ಅಂಗಡಿಯವನು ಹಾಕಿಕೊಟ್ಟ.

ಮರುದಿನದಿಂದ ಅವನ ಠೀವಿಯೇ ಬೇರೆ! ರಸ್ತೆಯ ಬದಿಯ ಬೇವಿನ ಮರಗಳ ತುದಿಯವರೆಗೂ ಬೆಳಕು. ಮರದ ಮೇಲಿನ ಕಾಗೆಗಳು ಬೆಳಗಾಯಿತೆಂದು ಕೂಗಿಕೊಂಡವು. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದು. ನಮ್ಮ ಕಡೆ ದಾರಿಯಲ್ಲಿ ಎದುರಾದವರು ಒಂದು ಕೈಯನ್ನು ಹಣೆಗೆ ಒಯ್ದು ನಮಸ್ಕಾರ ಮಾಡುವುದು ವಾಡಿಕೆ. ಸೈಕಲ್ ಮೇಲಿದ್ದವನು ಎರಡೂ ಕೈ ಜೋಡಿಸುವುದು ಹೇಗೆ? ಹಾಲಿನವನಿಗೆ ಅಲ್ಲಿಯವರೆಗೆ ಎಲ್ಲೋ ಒಬ್ಬಿಬ್ಬರು ನಮಸ್ಕಾರ ಹೇಳುತ್ತಿದ್ದರು. ಹೊಸ ಬಲ್ಬು ಹಾಕಿಸಿದ ಮೇಲೆ ಎದುರು ಬಂದವರೆಲ್ಲ ಹಣೆಗೆ ಕೈ ಒಯ್ಯತೊಡಗಿದರು. ಸೈಕಲ್ಲಿನವರು, ನಡೆದು ಬರುವವರು, ಬುಟ್ಟಿ ಹೊತ್ತ ಹೆಂಗಸರು ಕೂಡ. ಇವನಿಗೆ ಹಿಗ್ಗೋ ಹಿಗ್ಗು. ನನ್ನ ಬೆಲೆ ಈಗ ಜನಕ್ಕೆ ತಿಳಿಯಿತು ಎಂದುಕೊಂಡ. ತಾನೂ ಕೈ ಎತ್ತಿ ಗತ್ತಿನಿಂದ ಮರುನಮಸ್ಕಾರ ಹೇಳುತ್ತಾ ಹೋಗುತ್ತಿದ್ದ.

ಚಳಿಗಾಲ ಬಂತು. ಒಂದು ನಸುಕಿನಲ್ಲಿ ಕಾಲುವೆಯ ಮೇಲೆ ಮಂಜು ಕವಿದಿತ್ತು. ಆ ಮಂಜಿನಲ್ಲಿ ಹೊಸ ಬಲ್ಬಿನ ಬೆಳಕು ಎಲ್ಲ ಕಡೆ ಚದುರಿ, ಎದುರಿಗೆ ಬರೀ ಬಿಳಿಯ ಗೋಡೆ ನಿಂತಂತೆ ಕಾಣುತ್ತಿತ್ತು. ಆ ಬಿಳುಪಿನಲ್ಲಿ ಒಂದು ಸೈಕಲ್ಲಿನ ಗಾಲಿ ಮಸುಕಾಗಿ ಕಂಡಿತು. ಮೇಲೆ ಒಂದು ಕೈ ಹಣೆಗೆ ಏರಿತು. ಹಾಲಿನವನು ಎಂದಿನಂತೆ ತಾನೂ ಕೈ ಎತ್ತಿದ, ಮುಂದೆ ಹೋದ.

ಹಾಲು ಹಾಕಿ, ಬಿಸಿಲು ಬಿದ್ದ ಮೇಲೆ ಅದೇ ದಾರಿಯಲ್ಲಿ ಹಿಂತಿರುಗಿದರೆ ಕಾಲುವೆಯ ದಂಡೆಯ ಮೇಲೆ ಜನ ನೆರೆದು ಆಸ್ಪತ್ರೆಯ ಗಾಡಿಗೆ ಕಾಯುತ್ತಿದ್ದರು. ನಡುವೆ ಒಬ್ಬ ಕಂಬಳಿ ಹೊದ್ದು ಗಡಗಡ ನಡುಗುತ್ತಾ ಕೂತಿದ್ದ. ನೋಡಿದರೆ ಅವನ ಒಡಹುಟ್ಟಿದ ತಮ್ಮ! ಎಡಗೈ ಮುರಿದು ಜೋತುಬಿದ್ದಿತ್ತು. ಹೊಲದ ಮನೆಯಲ್ಲಿ ಇರುತ್ತಿದ್ದ ತಮ್ಮ ಅವನು. ರಾತ್ರಿ ಅಲ್ಲಿ ಎಮ್ಮೆ ಈದಿತ್ತು. ಅಣ್ಣನ ಮಕ್ಕಳಿಗೆ ಗಿಣ್ಣದ ಹಾಲು ಕೊಡೋಣವೆಂದು ನಸುಕಿನಲ್ಲೇ ಸೈಕಲ್ ಹತ್ತಿ ಹೊರಟಿದ್ದ. ಸೈಕಲ್ ಸಮೇತ ತುಂಬಿದ ಕಾಲುವೆಗೆ ಬಿದ್ದಿದ್ದ. ಕಬ್ಬಿಗೆ ನೀರು ಕಟ್ಟಲು ಬಂದವರು ಕೂಗು ಕೇಳಿ ಓಡಿಬಂದು ಎಳೆದು ಹಾಕಿದ್ದರು. ಅವರು ಇನ್ನೊಂದಿಷ್ಟು ತಡಮಾಡಿದ್ದರೆ ಅವನು ಉಳಿಯುತ್ತಿರಲಿಲ್ಲ.

"ಹೇಗೆ ಬಿದ್ದೆಯೋ ತಮ್ಮಾ?" ಎಂದು ಅಣ್ಣ ಅಳುತ್ತಾ ಕೇಳಿದ.

"ಯಾವನೋ ಒಬ್ಬ ಕಣ್ಣಿಗೆ ಬೆಳಕು ಹೊಡೆದುಕೊಂಡು ಬಂದ ಅಣ್ಣಾ. ಏನೂ ಕಾಣಲಿಲ್ಲ. ಕಣ್ಣಿಗೆ ಕೈ ಅಡ್ಡ ಹಿಡಿದೆ. ಹ್ಯಾಂಡಲ್ ತಪ್ಪಿತು. ನೀನೂ ಅದೇ ಹೊತ್ತಿಗೆ ಈ ದಾರಿಯಲ್ಲಿ ಬಂದಿರಬೇಕಲ್ಲ, ನಿನಗೆ ಯಾರಾದರೂ ಕಂಡರೇ?"

ಹಾಲಿನವನು ತನ್ನ ಗಾಡಿಯ ಹೆಡ್‌ಲೈಟಿನ ಕಡೆ ತಿರುಗಿ ನೋಡಿದ. "ಕಂಡ. ಒಬ್ಬ ನನಗೆ ನಮಸ್ಕಾರ ಮಾಡಿದ" ಎಂದ. ಅಷ್ಟು ಹೇಳಿ ತಮ್ಮನ ಕಾಲ ಬಳಿ ಕುಸಿದು ಕೂತು, ಆ ಬೆಳಕಿನವನು ತಾನೇ ಎಂದು ಬಾಯಿಬಿಟ್ಟು ಅತ್ತ. ತಮ್ಮ ಬಯ್ಯಲಿಲ್ಲ. ಬಲಗೈಯಿಂದ ಅಣ್ಣನ ಭುಜ ಹಿಡಿದುಕೊಂಡ.

ತಮ್ಮನನ್ನು ಆಸ್ಪತ್ರೆಗೆ ಸೇರಿಸಿ ಹಾಲಿನವನು ನೆಟ್ಟಗೆ ಅಂಗಡಿಗೆ ಹೋದ. ಎಂಥ ಬಲ್ಬು ಕೊಟ್ಟೆಯೋ ಪುಣ್ಯಾತ್ಮಾ ಎಂದು ಕೂಗಾಡಿದ. ಅಂಗಡಿಯವನು ಎಲ್ಲವನ್ನೂ ಕೇಳಿ ಮಂಕಾದ. "ಕಣ್ಣು ಕುಕ್ಕುವುದು ಬೇಕೆಂದು ಆರಿಸಿದವನು ನೀನು. ಗಿರಾಕಿ ಕೇಳಿದನಲ್ಲ ಎಂದು ಸುಮ್ಮನೆ ಮಾರಿದವನು ನಾನು. ಇಬ್ಬರೂ ಸೇರಿ ಅವನನ್ನು ಕಾಲುವೆಗೆ ತಳ್ಳಿದೆವು. ಬಾ, ಈಗಲಾದರೂ ಬಲ್ಬನ್ನು ಸರಿಯಾಗಿ ನೋಡೋಣ" ಎಂದ.

ಅಂಗಡಿಯವನು ಹೆಡ್‌ಲೈಟು ಬಿಚ್ಚಿ ಒಳಗಿನ ಹೊಳೆಯುವ ಬಟ್ಟಲನ್ನು ತೋರಿಸಿದ. ಈ ಬಟ್ಟಲು ಹಳೆಯ ಬಲ್ಬಿಗೆಂದು ಮಾಡಿದ್ದು. ಆ ಬಲ್ಬಿನ ತಂತಿ ಎಲ್ಲಿ ಉರಿಯುತ್ತಿತ್ತೋ, ಹೊಸ ಬಲ್ಬಿನ ಬೆಳಕೂ ಅಲ್ಲಿಯೇ ಹುಟ್ಟಬೇಕು. ಗೋಧಿ ಕಾಳಿನಷ್ಟು ಆಚೀಚೆ ಆದರೂ ಬಟ್ಟಲು ಅದನ್ನು ರಸ್ತೆಗೆ ಹಾಕದೆ ಆಕಾಶಕ್ಕೂ ಎದುರಿನವರ ಕಣ್ಣಿಗೂ ಎರಚುತ್ತದೆ ಎಂದ. ನನಗೆ ಈ ಮಾತು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ, ಚರಂತಯ್ಯಾ. ಎಷ್ಟೋ ವರ್ಷದ ಹಿಂದೆ ಯಾರೋ ಒಬ್ಬ ಮಾಡಿಟ್ಟ ಬಟ್ಟಲು! ಒಂದು ಕಾಳಿನಷ್ಟು ಜಾಗದಲ್ಲಿ ಬೆಳಕು ಇಡು, ಉಳಿದದ್ದನ್ನೆಲ್ಲ ನಾನು ನೋಡಿಕೊಳ್ಳುತ್ತೇನೆ ಎಂದು ಕಾಯುತ್ತಾ ಕೂತಿದೆ. ಆ ಒಂದು ಕಾಳಿನಿಂದ ಇಡೀ ದಾರಿ ಬೆಳಗುತ್ತದೆ. ಎಂಥ ಸೋಜಿಗ!

ಕತ್ತಲಾದ ಮೇಲೆ ಇಬ್ಬರೂ ಗಾಡಿಯನ್ನು ಒಂದು ಸುಣ್ಣದ ಗೋಡೆಗೆ ಎದುರಾಗಿ ದೂರದಲ್ಲಿ ನಿಲ್ಲಿಸಿದರು. ಈ ಸಲ ಬಲ್ಬಿನ ಕಡೆ ಯಾರೂ ನೋಡಲಿಲ್ಲ, ಗೋಡೆಯನ್ನು ನೋಡಿದರು. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಅಗ್ಗದ್ದನ್ನು ಮೊದಲು ಹಾಕಿದರು. ಇಂಜಿನ್ ಚಾಲೂ ಇಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಅದು ಕಾದು ಮಿಣಮಿಣ ಎನ್ನುತ್ತಿತ್ತು. ಅದನ್ನು ಬಿಟ್ಟರು. ಮಿರಿಮಿರಿ ಮಿಂಚುವ ಡಬ್ಬಿಯ ದುಬಾರಿ ಬಲ್ಬೊಂದು ಗೋಡೆಯ ತುಂಬಾ ಬೆಳಕು ಚೆಲ್ಲಿತು, ಛಾವಣಿಯನ್ನೂ ತೋರಿಸಿತು. ಅದನ್ನೂ ಬಿಟ್ಟರು. ಮೂಲೆಯಲ್ಲಿ ಯಾರೂ ಕೇಳದೆ ಬಿದ್ದಿದ್ದ ಒಂದನ್ನು ಹಾಕಿದಾಗ ಗೋಡೆಯ ಮೇಲೆ ಅಡ್ಡ ಗೆರೆ ಎಳೆದಂತೆ ಆಯಿತು. ಗೆರೆಯ ಕೆಳಗೆ ಬೆಳಕು, ಮೇಲೆ ಕತ್ತಲೆ. ಎಷ್ಟು ಹೊತ್ತು ಕಾದರೂ ಅದು ಕುಂದಲಿಲ್ಲ. ಬೆಲೆಯೂ ಹಾಲು ಮಾರುವವನ ಕೈಗೆ ಎಟುಕುವಂಥದ್ದು. ವರ್ಷದೊಳಗೆ ಕೆಟ್ಟರೆ ಬದಲಿಸಿ ಕೊಡುತ್ತೇನೆ ಎಂದು ಅಂಗಡಿಯವನು ಮಾತು ಕೊಟ್ಟ.

ಆದರೆ ಹಾಲಿನವನಿಗೆ ಸಮಾಧಾನವಾಗಲಿಲ್ಲ. ಗೋಡೆಗೆ ಕಣ್ಣಿಲ್ಲ ಎಂದ. ತಮ್ಮ ಬಿದ್ದ ಜಾಗಕ್ಕೆ ಇಬ್ಬರೂ ಹೋದರು. ಹಾಲಿನವನು ರಸ್ತೆಯ ನಡುವೆ ನಿಂತ. ಮೊದಲು ನಾನು ಆರಿಸಿದ ಆ ಕಣ್ಣು ಕುಕ್ಕುವ ಬಲ್ಬನ್ನೇ ಹಾಕಿಕೊಂಡು ನನ್ನ ಎದುರಿಗೆ ಬಾ ಎಂದು ಅಂಗಡಿಯವನನ್ನು ದೂರ ಕಳಿಸಿದ.

ಗಾಡಿ ಬಂತು. ಬೆಳಕು ಬಡಿಯಿತು. ಅವನು ಏನೂ ಯೋಚಿಸುವ ಮೊದಲೇ ಅವನ ಕೈ ತಾನಾಗಿ ಹಣೆಗೆ ಹೋಯಿತು.

ಹಣೆಯ ಮೇಲೆ ಕೈ ಇಟ್ಟುಕೊಂಡೇ ಅವನು ಅಲ್ಲಾಡದೆ ನಿಂತುಬಿಟ್ಟ. ಅಷ್ಟು ದಿನ ತನಗೆ ಬಂದ ನಮಸ್ಕಾರಗಳೆಲ್ಲ ಏನೆಂದು ಆಗ ಗೊತ್ತಾಯಿತು. ಆ ಬೆಳಕಿನ ಹಿಂದೆ ಗಾಡಿಯಿದೆಯೋ, ಮನುಷ್ಯನಿದ್ದಾನೋ, ಅವನು ಗುರುತಿನವನೋ ಅಲ್ಲವೋ, ಒಂದೂ ಕಾಣಲಿಲ್ಲ. ಬುಟ್ಟಿ ಹೊತ್ತ ಹೆಂಗಸರು ನೆನಪಾದರು. ನಾಚಿಕೆಯಿಂದ ಅವನ ಮೈ ಹಿಡಿಯಷ್ಟಾಯಿತು.

ಬಲ್ಬು ಬದಲಿಸಿ ಅಂಗಡಿಯವನು ಮತ್ತೆ ದೂರದಿಂದ ಹೊರಟ. ಈ ಸಲ ಬೆಳಕು ನೆಲ ಹಿಡಿದು ಬಂತು. ಹಾಲಿನವನ ಪಾದಕ್ಕೆ ಬಂತು, ಮೊಣಕಾಲಿಗೆ ಬಂತು, ಅಲ್ಲಿಗೇ ನಿಂತಿತು. ಕೈ ಮೇಲೇಳಲಿಲ್ಲ. ಗಾಡಿಯ ಮೇಲೆ ಕೂತವನ ಆಕಾರ ಕಂಡಿತು, ಹತ್ತಿರ ಬಂದಂತೆ ಮುಖವೂ ಕಂಡಿತು. ಅಷ್ಟರಲ್ಲಿ ಕುರುಬನೊಬ್ಬ ತನ್ನ ಹಿಂಡನ್ನು ಹಟ್ಟಿಗೆ ಹೊಡೆದುಕೊಂಡು ಹೋಗಲು ದಂಡೆ ಹತ್ತಿಸಿದ. ಅಂಗಡಿಯವನು ಗಾಡಿ ನಿಲ್ಲಿಸಿದ, ಹಾಲಿನವನು ಅದರ ಪಕ್ಕಕ್ಕೆ ಬಂದ. ಕತ್ತಲಲ್ಲಿ ಕುರಿಗಳ ಕಣ್ಣುಗಳು ಒಂದೊಂದಾಗಿ ಹೊಳೆಯತೊಡಗಿದವು. ನೋಡನೋಡುತ್ತಿದ್ದಂತೆ ರಸ್ತೆಯ ತುಂಬಾ ಹಸಿರು ಹಸಿರು ಕಣ್ಣು! ಒಂದು ಕುರಿಯೂ ಬೆದರಲಿಲ್ಲ. ನಡುವೆ ಕುರುಬ ಎಳೆಯ ಮರಿಯೊಂದನ್ನು ಎತ್ತಿಕೊಂಡು ಬರುತ್ತಿದ್ದ. ಮರಿಯ ಒದ್ದೆ ಮೂಗು ಕೂಡ ಕಂಡಿತು. ವರ್ಷಗಟ್ಟಲೆ ಓಡಾಡಿದ ದಾರಿ ಅದು. ಇಷ್ಟು ಜೀವಗಳು ತನ್ನ ಜೊತೆ ಇದೇ ದಾರಿಯಲ್ಲಿ ನಡೆಯುತ್ತಿದ್ದವೇ ಎಂದು ಹಾಲಿನವನು ಬೆರಗಾಗಿ ನಿಂತ. ಅವನ ಎರಡೂ ಕೈ ಜೋಡಿಕೊಂಡವು. ಯಾರಿಗೆ ಕೈ ಮುಗಿದೆ ಎಂದು ಕೇಳಿದ್ದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ.

ಮರುದಿನ ನಸುಕಿನಲ್ಲಿ ಅವನು ಹಾಲಿಗೆ ಹೊರಟಾಗ ಎದುರು ಬಂದವರು ಹಣೆಗೆ ಕೈ ಒಯ್ಯಲಿಲ್ಲ. ಒಬ್ಬ ಮುದುಕಿ ಮಾತ್ರ, "ಬೆಳಗ್ಗೆಯೇ ಹೊರಟೆಯಾ ಅಪ್ಪಾ, ತಮ್ಮ ಹೇಗಿದ್ದಾನೆ?" ಎಂದು ಕೇಳಿದಳು. ಅವನು ಗಾಡಿ ನಿಲ್ಲಿಸಿ ಅವಳಿಗೆ ಉತ್ತರ ಹೇಳಿ ಮುಂದೆ ಹೋದ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.  ಚರಂತಯ್ಯ ಮೆಲ್ಲಗೆ ಕೇಳಿದ:

"ಹಾಗಾದರೆ ಆ ಊರಿನವರಿಗೆ ಏನು ಹೇಳಲಿ ಅಜ್ಜಾ? ಬರುತ್ತೇನೆ ಎನ್ನಲೋ, ಬೇಡ ಎನ್ನಲೋ?"

"ಅದು ಆಮೇಲಿನ ಮಾತು. ನಿನಗೆ ಕೈ ಮುಗಿದ ಅಷ್ಟು ಜನರಲ್ಲಿ ಒಬ್ಬರ ಮುಖ ಹೇಗಿತ್ತು, ಹೇಳು" ಎಂದರು ಗುರುಗಳು.

ಚರಂತಯ್ಯ ಕಣ್ಣು ಮುಚ್ಚಿ ನೆನೆಸಿಕೊಂಡ. ಮುಗಿದ ಕೈಗಳು ಕಂಡವು, ಮುಖ ಒಂದೂ ಕಾಣಲಿಲ್ಲ.