ಸೌಟು ಹಿಡಿದವರದೇ ಮಾತು

ಮದುವೆ ಅಡುಗೆಯ ಗುತ್ತಿಗೆದಾರ ಅಣ್ಣಪ್ಪಯ್ಯ ಅಂತಿದ್ದ ಕಣ್ರೋ. ಪೇಟೆಯಲ್ಲಿ ಅದೇನೋ ಸ್ಕ್ರಮ್ ಅಂತ, ಕಂಪನಿಯೋರು ನಿಂತನಿಂತಲ್ಲೇ ಚುಟುಕಾಗಿ ಸಭೆ ಮುಗಿಸೋ ಪದ್ಧತಿ ಕಲಿತು ಬಂದು, ದಿನಾ ಬೆಳಗ್ಗೆ ಎಲ್ಲರನ್ನೂ ನಿಲ್ಲಿಸಿ ಸಭೆ ಶುರುಮಾಡಿದ. ಯಾರಿಗೇನು ತೊಡಕು ಅಂತ ಕೇಳಬೇಕಾದವನು ತಾನೇ ಗಂಟೆಗಟ್ಟಲೆ ಕೊರೆಯುತ್ತಿದ್ದ.

"ಯಾರೂ ಅಲುಗಾಡಬಾರದು. ಪಾಯಸ ತಳ ಹಿಡಿದರೆ ಗಿರಿಜಾ, ನಿನ್ನ ಕೆಲಸ ಹೋಯ್ತು!"

ಪಾಯಸ ಕಾಯುವ ಗಿರಿಜಕ್ಕ ಕೈಮುಗಿದಳು. "ಮಾತಾಡೋರ ಕೈಯಲ್ಲಿ ಸೌಟಿದ್ದರೆ ಗತ್ತು, ಅಯ್ಯನೋರೇ."

ಅವನು ಉಬ್ಬಿಹೋಗಿ ಸೌಟು ಹಿಡಿದ.

"ಹಾಗೇ ತಿರುವುತ್ತಾ ಹೇಳಿ."

ಸೌದೆ ಒಲೆ, ಕಣ್ಣುರಿಸುವ ಹೊಗೆ, ಕೊಪ್ಪರಿಗೆ ತುಂಬ ಪಾಯಸ. ಎರಡು ಮಾತಿಗೇ ಅವನಿಗೆ ಬೆವರಿಳಿಯಿತು.

"ಬೇಗ ಬೊಗಳ್ರೋ, ಯಾರಿಗೇನು ತೊಡಕು?"

"ತೆಂಗಿನಕಾಯಿ ಸಾಲದು," ಅಂದ ಒಬ್ಬ. "ಬಾಳೆಎಲೆ ಬಂದಿಲ್ಲ," ಅಂದ ಇನ್ನೊಬ್ಬ.

"ತರಿಸ್ತೀನಿ! ಸಭೆ ಮುಗೀತು! ಹಿಡಿಯೇ ಗಿರಿಜಾ ಸೌಟು!"

ಗಿರಿಜಕ್ಕ ಕೈಕಟ್ಟಿ ನಿಂತೇ ಇದ್ದಳು. "ಅಯ್ಯೋ, ನನಗೆಲ್ಲಿ ಮಾತು ಬರುತ್ತೆ? ನೀವೇ ಮುಂದುವರಿಸಿ. ಪಾಯಸ ಇನ್ನೂ ಬೆಂದಿಲ್ಲ."