ಗುಂಡಿಯ ಮೇಲಿನ ಬೆರಳು

ಹೊಳೆದಂಡೆಯ ಆ ಆಶ್ರಮದಲ್ಲಿ ಫೋನು ಸಿಗುತ್ತಿರಲಿಲ್ಲ. ಇದ್ದದ್ದು ಐದಾರು ವಾಕಿಟಾಕಿ, ಎಲ್ಲಕ್ಕೂ ಸೇರಿ ಒಂದೇ ಚಾನೆಲ್. ಒಬ್ಬರು ಗುಂಡಿ ಒತ್ತಿ ಮಾತಾಡುವಾಗ ಉಳಿದವರು ಸುಮ್ಮನಿರಬೇಕು. ಒತ್ತಿದವರಿಗೆ ಬೇರೆಯವರ ದನಿ ಕೇಳಿಸುವುದೇ ಇಲ್ಲ.

ಯಾರು ಎಷ್ಟು ಹೊತ್ತು ಮಾತಾಡಬೇಕೆಂದು ಹಂಚುವ ಕೆಲಸ ಶಿಷ್ಯ ಚೆನ್ನವೀರನದು. ಅಡುಗೆಮನೆಗೆ ಐದು ನಿಮಿಷ, ಔಷಧಾಲಯಕ್ಕೆ ಐದು, ದೋಣಿಗೆ ಐದು. ಎಲ್ಲರಿಗೂ ಸಮ ಹಂಚಿ ತನ್ನ ಬೆನ್ನು ತಾನೇ ತಟ್ಟಿಕೊಂಡ.

ಮರುದಿನ ನಡುಹೊಳೆಯಲ್ಲಿ ದೋಣಿಯ ಹುಟ್ಟು ಮುರಿಯಿತು. ಹಗ್ಗ ಎಸೆಯಿರೆಂದು ಅಂಬಿಗ ಮಾರೆಪ್ಪ ವಾಕಿಟಾಕಿಯಲ್ಲಿ ಕೂಗಿದ. ಅದು ಅಡುಗೆಮನೆಯ ಸರದಿ. ಅಡುಗೆಯ ಗೌರವ್ವ ಗುಂಡಿ ಒತ್ತಿಹಿಡಿದು ತೋಟದವರಿಗೆ ತರಕಾರಿ ಪಟ್ಟಿ ಓದುತ್ತಿದ್ದಳು; ಅವನ ಕೂಗು ಯಾರಿಗೂ ಕೇಳಿಸಲಿಲ್ಲ. ದೋಣಿ ಬಂಡೆಗೆ ಬಡಿದು ಮಗುಚಿತು. ಅದರಲ್ಲಿದ್ದ ಏಳೂ ಜನ ಹೇಗೋ ಈಜಿ ದಡ ಸೇರಿದರು.

ಚೆನ್ನವೀರ ಅತ್ತುಬಿಟ್ಟ.

ದೋಣಿ ರಿಪೇರಿಯಾಗಿ ಬಂದ ದಿನ ಹೊಸ ನಿಯಮ ಮಾಡಿದ. ದೋಣಿ ನೀರಿನಲ್ಲಿರುವಾಗ ಬೇರೆ ಯಾರೂ ಗುಂಡಿ ಮುಟ್ಟಬಾರದು. ದೋಣಿ ದಿನವಿಡೀ ನೀರಿನಲ್ಲೇ ಇತ್ತು, ಮಾರೆಪ್ಪ ತುಟಿ ಬಿಚ್ಚಲಿಲ್ಲ. ಜ್ವರದ ಮಗುವಿಗೆ ಎಷ್ಟು ಹನಿ ಔಷಧಿ ಎಂದು ಗುರುಗಳನ್ನು ಕೇಳಲು ಔಷಧಾಲಯದ ರಾಜಮ್ಮ ಬಿಸಿಲಲ್ಲಿ ಓಡೋಡಿ ಬರಬೇಕಾಯಿತು. ತರಕಾರಿ ಪಟ್ಟಿ ತೋಟಕ್ಕೆ ಮುಟ್ಟದೆ ಊಟಕ್ಕೆ ಬರೀ ಗಂಜಿ.

ಮರುದಿನ ಬೆಳಿಗ್ಗೆ ಚೆನ್ನವೀರ ಗುರುಗಳ ಮುಂದೆ ಕೂತ.

"ತಲೆ ಕೆಟ್ಟುಹೋಗಿದೆ ಗುರುಗಳೇ. ಮಾರೆಪ್ಪನದು ಎರಡೇ ಮಾತು, ಆದರೆ ಆ ಕ್ಷಣವೇ ಆಗಬೇಕು. ಗೌರವ್ವನದು ನೂರು ಮಾತು, ತಡವಾದರೂ ನಡೆಯುತ್ತೆ. ರಾಜಮ್ಮನದು ನಾಲ್ಕು ಮಾತು, ಒಂದಕ್ಷರ ತಪ್ಪಬಾರದು. ಹೇಗೆ ಹಂಚಿದರೂ ತಪ್ಪಾಗುತ್ತಿದೆ. ದೋಣಿ ಈಗ ಮತ್ತೆ ಹೊರಟಿದೆ, ಜನ ತುಂಬಿಕೊಂಡು."

"ಇವತ್ತಿನ ತರಕಾರಿ ಪಟ್ಟಿ ಕೊಡು," ಎಂದರು ಗುರುಗಳು.

ಗುಂಡಿ ಒತ್ತಿದರು. "ಬದನೆಕಾಯಿ ಎರಡು ಬುಟ್ಟಿ." ಬೆರಳೆತ್ತಿ ಸುಮ್ಮನೆ ಕೂತರು.

"ಯಾರೂ ಕರೆಯಲಿಲ್ಲವಲ್ಲ, ಯಾಕೆ ನಿಲ್ಲಿಸಿದಿರಿ?"

"ಕರೆಯಲಿಲ್ಲ ಅಂತ ನಿನಗೆ ಹೇಗೆ ಗೊತ್ತಾಯಿತು?"

ಗುರುಗಳು ಮತ್ತೆ ಗುಂಡಿ ಒತ್ತಿದರು.

"ಕುಂಬಳಕಾಯಿ ಒಂದು." ಬೆರಳೆತ್ತಿದರು.

"ಇನ್ನೊಂದು ಮಗುವಿಗೂ ಜ್ವರ. ಹನಿ ಐದಾ, ಹದಿನೈದಾ ಗುರುಗಳೇ?" ರಾಜಮ್ಮನ ದನಿ.

"ಐದು. ಒಂದು ಕೈಯಲ್ಲಿ ಎಷ್ಟು ಬೆರಳೋ ಅಷ್ಟು. ಈಗ ನೀನು ಹೇಳು."

"ಐದು."

"ಹಸಿಮೆಣಸಿನಕಾಯಿ ಒಂದು ಕಿಲೋ." ಬೆರಳೆತ್ತಿದರು.

"ಸೆಳವು ಜಾಸ್ತಿ ಆಗೈತೆ! ಹಗ್ಗ, ಹಗ್ಗ!"

ಚೆನ್ನವೀರ ಎದ್ದುಬಿದ್ದು ಓಡಿದ. ಹಗ್ಗ ಎಸೆದ, ಅಂಗೈ ಕಿತ್ತು ಬರುವಂತೆ ಎಳೆದ. ದೋಣಿ ದಡಕ್ಕೆ ಬಂತು. ಒಂದು ಕೂಸು ಅಳುತ್ತಿತ್ತು. ಜನ ಒಬ್ಬೊಬ್ಬರಾಗಿ ಇಳಿದರು.

ಅವನು ಮರಳಿದಾಗ ಗುರುಗಳು ಪಟ್ಟಿಯಲ್ಲಿ ಕೊತ್ತಂಬರಿ ಸೊಪ್ಪಿಗೆ ಬಂದಿದ್ದರು.

ಚೆನ್ನವೀರ ಪುಸ್ತಕ ತೆರೆದು ಹೊಸ ನಿಯಮ ಬರೆಯತೊಡಗಿದ. ಅರ್ಧಕ್ಕೇ ನಿಲ್ಲಿಸಿದ. ಮುಖದಲ್ಲಿ ಮತ್ತೆ ಅದೇ ಗೊಂದಲ.

"ಬೆರಳೆತ್ತಿ ಎಷ್ಟು ಹೊತ್ತು ಕಾಯಬೇಕು ಗುರುಗಳೇ? ಎರಡು ಎಣಿಸುವಷ್ಟಾ, ಹತ್ತು ಎಣಿಸುವಷ್ಟಾ?"

"ನಾಳೆ ನೀನೂ ದೋಣಿ ಹತ್ತು. ನಡುಹೊಳೆಯಲ್ಲಿ ಕೂತು ಎಣಿಸು."